ನಿಮ್ಮ ಆನೆ

ವಾರ್ತಾಪತ್ರದ ಈ ಸಂಚಿಕೆಗೆ ‘ನಾಯಕತ್ವ ಮತ್ತು ಸಾರ್ವಜನಿಕ ಸೇವೆ’ ಎಂಬ ವಿಷಯವನ್ನು ಗೊತ್ತುಮಾಡಿ, ಹಳೆಯ ವಿದ್ಯಾರ್ಥಿಯಾದ ನನ್ನಿಂದಲೂ ಒಂದು ಬರಹ ಬರಲೆಂದು ವಿಭಾಗದ ಗುರುಗಳು ಅಪೇಕ್ಷಿಸಿದ್ದಾರೆ. ವಿಷಯ ದೊಡ್ಡದು. ವೇದಿಕೆಯ ಮೇಲೆ ನಿಂತು ಮಾತನಾಡುವ ನಾಯಕರನ್ನು ನಾನು ಹತ್ತಿರದಿಂದ ಕಂಡವನಲ್ಲ. ಕಂಡದ್ದು ಒಬ್ಬ ರೇಂಜರನ್ನು, ಒಬ್ಬ ವಾಚರನ್ನು. ವಾಚರು ನನ್ನ ತಂದೆ. ಇವರಿಬ್ಬರ ನಡುವೆ ಒಂದು ರಾತ್ರಿ ನಡೆದ ಸಂಗತಿಯಲ್ಲಿ ನನ್ನದೂ ಒಂದು ಪಾಲಿದೆ. ಇಷ್ಟು ವರ್ಷ ಅದನ್ನು ಬರೆಯದೆ ಉಳಿದದ್ದಕ್ಕೆ ಆ ಪಾಲೇ ಕಾರಣ.

ನನ್ನ ಊರು ಜೀರಹಳ್ಳಿ. ಭೂಪಟದಲ್ಲಿ ಹುಡುಕಿದರೆ ತಮಿಳುನಾಡಿನ ಈರೋಡು ಜಿಲ್ಲೆಯಲ್ಲಿ, ತಾಳವಾಡಿಯ ಗುಡ್ಡಗಳ ನಡುವೆ ಸಿಗುತ್ತದೆ. ಜಿಲ್ಲಾ ಕೇಂದ್ರಕ್ಕೆ ಹೋಗಬೇಕಾದರೆ ದಿಂಬಂ ಘಟ್ಟದ ಇಪ್ಪತ್ತೇಳು ತಿರುವುಗಳನ್ನು ಇಳಿಯಬೇಕು. ಚಾಮರಾಜನಗರವಾದರೋ ಘಟ್ಟವಿಳಿಯದೆ ತಲುಪುವ ಊರು. ಮನೆಯ ಮಾತು ಕನ್ನಡ, ಸಂಬಂಧ ಬೆಳೆಸುವುದು ಕರ್ನಾಟಕದ ಊರುಗಳಲ್ಲಿ, ಪಡಿತರ ಚೀಟಿ ಮಾತ್ರ ತಮಿಳಿನಲ್ಲಿ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಆವರೆಗೆ ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕೊಳ್ಳೇಗಾಲ ತಾಲ್ಲೂಕು ಮೈಸೂರಿಗೆ ಸೇರಿತು. ತಾಳವಾಡಿ ಅಲ್ಲಿಯೇ ಉಳಿಯಿತು. ನಮ್ಮ ಪ್ರದೇಶವನ್ನು ಕನ್ನಡಿಗರು ನೆನೆಯುವುದು ಹೆಚ್ಚಾಗಿ ಎರಡು ಕಾರಣಗಳಿಗೆ. ಡಾ. ರಾಜ್‌ಕುಮಾರರ ಹುಟ್ಟೂರು ಗಾಜನೂರು ಇಲ್ಲಿದೆ. 2000ದ ಜುಲೈ 30ರ ರಾತ್ರಿ ವೀರಪ್ಪನ್ ಅವರನ್ನು ಅಪಹರಿಸಿದ್ದೂ ಇಲ್ಲಿಂದಲೇ. ನೂರೆಂಟು ದಿನಗಳ ಕಾಲ ಎರಡು ರಾಜ್ಯಗಳು ನಮ್ಮ ಕಾಡಿನತ್ತ ಕಣ್ಣಿಟ್ಟು ಕುಳಿತಿದ್ದವು. ಆಮೇಲೆ ಮರೆತವು.

ಆದರೆ ಕಾಡು ಅಲ್ಲಿಯೇ ಇತ್ತು. ಪೂರ್ವ ಘಟ್ಟವೂ ಪಶ್ಚಿಮ ಘಟ್ಟವೂ ಕೈ ಹಿಡಿಯುವ ಜಾಗ ನಮ್ಮದು. ಬಂಡೀಪುರ, ಮುದುಮಲೆ, ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟ ಇವೆಲ್ಲವೂ ಆನೆಗೆ ಒಂದೇ ಮನೆಯ ಕೋಣೆಗಳು. ಸತ್ಯಮಂಗಲದ ಕಾಡು 2008ರಲ್ಲಿ ವನ್ಯಜೀವಿಧಾಮವಾಯಿತು. 2013ರ ಮಾರ್ಚ್‌ನಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಸುಮಾರು 1,408 ಚದರ ಕಿಲೋಮೀಟರು. ಅದರ ಹಾಸನೂರು ವಿಭಾಗದ ವಲಯಗಳಲ್ಲೊಂದಕ್ಕೆ ನಮ್ಮ ಊರಿನದೇ ಹೆಸರು.

ರಸ್ತೆಯಂಚಿನಲ್ಲಿ ಹೊಸ ಫಲಕ ನೆಟ್ಟರು: ‘ಪುಲಿಗಳ್ ಕಾಪ್ಪಗಂ’. ಕೆಲವು ವರ್ಷಗಳ ಬಳಿಕ ಇದೇ ವಿಭಾಗದ ತರಗತಿಯಲ್ಲಿ ಗುರುಗಳು ಪಕಾರ ಹಕಾರವಾದ ಬಗೆಯನ್ನು ವಿವರಿಸುತ್ತ ‘ಪುಲಿ ಹುಲಿಯಾಯಿತು’ ಎಂದಾಗ ನನಗೆ ನೆನಪಾದದ್ದು ಯಾವ ಹಳಗನ್ನಡ ಕಾವ್ಯವೂ ಅಲ್ಲ, ಆ ಹಸಿರು ಫಲಕ. ಕಾಪು ಎಂದರೆ ಕಾಯುವುದು. ಅದೂ ನಮ್ಮದೇ ಹಳೆಯ ಮಾತು. ಫಲಕವನ್ನು ಹಳಗನ್ನಡವೆಂದೇ ಓದಿದರೂ ಅರ್ಥ ಕೆಡುವುದಿಲ್ಲ. ಆದರೆ ನಮ್ಮ ಊರಿನವರು ಅದನ್ನು ಓದಿದ್ದು ಬೇರೆ ಬಗೆಯಲ್ಲಿ: ‘ಇನ್ನು ನಮ್ಮನ್ನು ಎಬ್ಬಿಸುತ್ತಾರೆ.’

ಅಪ್ಪ ಬೇಟೆ ತಡೆಯುವ ವಾಚರು. ಇಲಾಖೆಯ ಏಣಿಯಲ್ಲಿ ಕೊಟ್ಟಕೊನೆಯ ಮೆಟ್ಟಿಲು ಅದು. ಮೇಲೆ ಸಂರಕ್ಷಣಾಧಿಕಾರಿ, ಡಿ.ಎಫ್.ಓ., ರೇಂಜರು, ಫಾರೆಸ್ಟರು, ಗಾರ್ಡು. ಅವರೆಲ್ಲರ ಕೆಳಗೆ ವಾಚರು. ಕೆಲಸ ಕಾಯಮ್ಮಲ್ಲ, ಸಂಬಳ ಒಟ್ಟು ಮೊತ್ತದ್ದು. ಸೋಲಿಗರ ಹುಡುಗರು, ಅಪ್ಪನಂತಹ ಒಂದೆಕರೆ ಎರಡೆಕರೆಯ ಬೇಸಾಯಗಾರರು ಈ ಕೆಲಸಕ್ಕೆ ಸೇರುತ್ತಾರೆ. ಚಳಿಗಾಲ ಕಳೆಯುವ ಮುನ್ನ ಬೆಂಕಿರೇಖೆ ಸವರುವವರು ಅವರು. ಬೇಸಿಗೆಯಲ್ಲಿ ಕಾಡಿಗೆ ಬೆಂಕಿ ಬಿದ್ದರೆ ಹಸಿಸೊಪ್ಪು ಹಿಡಿದು ಬಡಿಯುವವರೂ ಅವರೇ. ಹುಲಿಗಣತಿಯ ಕ್ಯಾಮೆರಾವನ್ನು ಮರಕ್ಕೆ ಕಟ್ಟುವ ಕೈ ಅವರದು. ರಾತ್ರಿ ಆನೆ ಹೊಲಕ್ಕೆ ಇಳಿದರೆ ಪಟಾಕಿ, ಟಾರ್ಚು ಹಿಡಿದು ಮೊದಲು ಓಡುವ ಕಾಲೂ ಅವರದೇ.

ಊರಿನವರ ಬಾಯಲ್ಲಿ ಅಪ್ಪನಿಗೆ ಹೊಸದೊಂದು ಷಷ್ಠೀ ವಿಭಕ್ತಿ ಅಂಟಿಕೊಂಡಿತ್ತು. ಬೆಳಗ್ಗೆ ಕೆರೆಯ ಹಾದಿಯಲ್ಲಿ ಸಿಕ್ಕವರು, “ರಾತ್ರ ನಿಮ್ಮ ಆನ ಬಂದಿತ್ತು ಕನಪ್ಪ, ಬಾಳೆಯ ಮುರುದು ಹಾಕದ, ಹೋಗಿ ನೋಡು” ಎನ್ನುವರು. ನಿಮ್ಮ ಆನೆ, ನಿಮ್ಮ ಹಂದಿ, ನಿಮ್ಮ ಹುಲಿ. ಕಾಡಿನ ಜೇನು, ನೆಲ್ಲಿಕಾಯಿ, ಸೀಗೆ, ದನದ ಮೇವು ಇವು ನಮ್ಮವಾಗಿದ್ದ ಕಾಲದಲ್ಲಿ ಆನೆಯೂ ನಮ್ಮದಾಗಿತ್ತೇ? ಅಜ್ಜಿ ಹೌದು ಎನ್ನುತ್ತಿದ್ದಳು. ಅಜ್ಜಿಯ ಮಾತನ್ನು ಪೂರ್ತಿ ನಂಬುವಂತಿಲ್ಲ, ಹಳೆಯದೆಲ್ಲ ಅವಳಿಗೆ ಚೆನ್ನಾಗಿಯೇ ಕಾಣುತ್ತಿತ್ತು. ಅವಳು ಹುಟ್ಟುವ ಎಷ್ಟೋ ವರ್ಷಗಳ ಮೊದಲೇ, 1882ರ ಮದ್ರಾಸು ಅರಣ್ಯ ಕಾಯಿದೆ ಈ ಕಾಡುಗಳಿಗೆ ಗಡಿಕಲ್ಲು ನೆಡಲು ಆರಂಭಿಸಿತ್ತು. ಆ ಕಾಲದ ಅರಣ್ಯಾಡಳಿತದ ಹಿಂದೆ ಇದ್ದ ಹೆಸರು ಡೀಟ್ರಿಕ್ ಬ್ರಾಂಡಿಸ್; 1864ರಲ್ಲಿ ಭಾರತದ ಮೊದಲ ಅರಣ್ಯ ಮಹಾನಿರೀಕ್ಷಕನಾದ ಜರ್ಮನಿಯವನು. ಅಮೆರಿಕದಲ್ಲಿ 1905ರಲ್ಲಿ ರಾಷ್ಟ್ರೀಯ ಅರಣ್ಯಗಳ ಆಡಳಿತಕ್ಕೆ ಮೊದಲ ಮುಖ್ಯಸ್ಥನಾದ ಗಿಫರ್ಡ್ ಪಿಂಚೋ ಈತನ ಮಾರ್ಗದರ್ಶನ ಪಡೆದವನು. ಎರಡು ಖಂಡಗಳಲ್ಲಿ ಕಾಡು ಸರ್ಕಾರದ್ದಾದ ಕಥೆ ಹೀಗೆ ಒಬ್ಬನ ಮೂಲಕ ಹಾದುಹೋಗಿದೆ. ನನ್ನ ದೊಡ್ಡಪ್ಪನಿಗೆ ಇದನ್ನು ಹೇಳಿದರೆ, “ಹಂಗಾರ ಅವನ ಆನ” ಎಂದಾರು.

ದೊಡ್ಡಪ್ಪ ಅಪ್ಪನ ಅಣ್ಣ. ಒಡಹುಟ್ಟಿದವರಾದರೂ ಕಾಡಿನ ವಿಷಯದಲ್ಲಿ ಇಬ್ಬರೂ ಬೇಲಿಯ ಎರಡು ಬದಿಯವರು. ದೊಡ್ಡಪ್ಪನ ಹೊಲ ಆನೆಕಂದಕಕ್ಕೆ ಒತ್ತಿಕೊಂಡಿತ್ತು. ನಾನು ಹನ್ನೊಂದನೆಯ ತರಗತಿಯಲ್ಲಿದ್ದ ವರ್ಷ, 2014ರಲ್ಲಿ, ದೀಪಾವಳಿ ಕಳೆದು ಕೆಲವೇ ದಿನಗಳಾಗಿದ್ದವು. ಮುಸುಕಿನಜೋಳ ಮುರಿಯಲು ಸಿದ್ಧವಾಗಿತ್ತು. ಒಂಟಿ ಸಲಗವೊಂದು ಮೂರು ರಾತ್ರಿ ಬಂದು ಎರಡು ಎಕರೆಯನ್ನು ತುಳಿದು ಹೋಯಿತು. ಮೂರನೆಯ ರಾತ್ರಿ ದೊಡ್ಡಪ್ಪ ಮಲಗಿದ್ದ ಅಟ್ಟಣೆಯ ಕಂಬವನ್ನೇ ನೂಕಿತು. ಅವರು ಹಿಂಬದಿಗೆ ಹಾರಿ, ಮುಳ್ಳುಬೇಲಿಯೊಳಗೆ ಉರುಳಿ ಬದುಕಿಕೊಂಡರು.

ಆ ರಾತ್ರಿ ರೇಂಜರು ಜೀಪಿನಲ್ಲಿ ಬಂದಾಗ ನಲವತ್ತು ಐವತ್ತು ಜನ ದಾರಿಗೆ ಅಡ್ಡವಾಗಿ ನಿಂತಿದ್ದರು. ಬಯಲುಸೀಮೆಯ ತಮಿಳು ಊರಿನಿಂದ ವರ್ಗವಾಗಿ ಬಂದು ಅವರಿಗೆ ಎರಡು ತಿಂಗಳೂ ಆಗಿರಲಿಲ್ಲ. ನಮ್ಮ ಜನಕ್ಕೆ ತಮಿಳು ಬಾರದೆಂದಲ್ಲ. ಸಂತೆಯ ತಮಿಳು, ಬಸ್ಸಿನ ತಮಿಳು ಎಲ್ಲರಿಗೂ ಬರುತ್ತದೆ. ಕಡತದ ತಮಿಳು ಬೇರೆ. ಅದರ ಮೇಲೆ ಗದ್ದಲ, ಕತ್ತಲೆ, ಹಿಂದೆ ನಿಂತವರ ಬೈಗುಳ. ದೊಡ್ಡಪ್ಪ “ಪರಿಹಾರ ಕೊಡ್ರಿ” ಎಂದು ಕೂಗಿದರೆ ರೇಂಜರಿಗೆ ಅದು ಬೇರೆಯೇ ಆಗಿ ಕೇಳಿಸಿತಂತೆ: ತಮಿಳಿನಲ್ಲಿ ಪರಿಹಾರವೆಂದರೆ ಗ್ರಹದೋಷಕ್ಕೆ ದೇವಸ್ಥಾನದಲ್ಲಿ ಮಾಡಿಸುವ ಶಾಂತಿ. ಆನೆ ಬಂದದ್ದಕ್ಕೆ ನನ್ನಿಂದ ಪೂಜೆ ಮಾಡಿಸಬೇಕೆಂದಿದ್ದಾರೆಯೇ ಎಂದು ಅವರು ತಬ್ಬಿಬ್ಬಾದರಂತೆ. ಅವರ ಭಾಷೆಯಲ್ಲಿ ನಷ್ಟ ತುಂಬಿಕೊಡುವುದಕ್ಕೆ ‘ಇೞಪ್ಪೀಡು’ ಎನ್ನುತ್ತಾರೆ. ನಾವು ಹಳಗನ್ನಡದಲ್ಲಿ ಓದಿ ಬಿಟ್ಟ ೞಕಾರ ಅವರ ಅರ್ಜಿ ನಮೂನೆಯಲ್ಲಿ ಇನ್ನೂ ಬದುಕಿದೆ. ಅಂದು ನಗುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ.

ಅಪ್ಪ ನಡುವೆ ನಿಂತು ಅತ್ತಿತ್ತ ಮಾತು ದಾಟಿಸುತ್ತಿದ್ದರು. ನಾನು ಅವರ ಬೆನ್ನ ಹಿಂದೆ ಟಾರ್ಚು ಹಿಡಿದಿದ್ದೆ. ರೇಂಜರು ಹೇಳಿದ್ದು ಇಷ್ಟು: ‘ಒಂದು ವಾರ ನಾಲ್ವರು ವಾಚರನ್ನು ಈ ಹೊಲದ ಬಳಿಯೇ ಇರಿಸುತ್ತೇನೆ. ಬೆಳೆನಷ್ಟದ ಅರ್ಜಿಯನ್ನು ನಾಳೆಯೇ ಬರೆಸಿಕೊಳ್ಳುತ್ತೇನೆ. ಆನೆ ಹಿಡಿಸುವ ಅಧಿಕಾರ ನನಗಿಲ್ಲ. ಹಿಡಿಸುತ್ತೇನೆಂದು ಹೇಳಿದರೆ ಸುಳ್ಳಾಗುತ್ತದೆ, ಸುಳ್ಳು ಹೇಳಲಾರೆ.’ ಅವರು ಹೇಳಿದ್ದು ಕಾನೂನಿನ ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಆನೆಯಂತಹ ಪ್ರಾಣಿಯನ್ನು ಹಿಡಿಯಲು ಅಪ್ಪಣೆ ಕೊಡಬಲ್ಲವರು ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರು ಮಾತ್ರ. ಅಪ್ಪಣೆ ಕೊಡುವವರು ಚೆನ್ನೈಯಲ್ಲಿ. ಬೈಗುಳ ತಿನ್ನುವವರು ಜೀರಹಳ್ಳಿಯ ಕತ್ತಲೆಯಲ್ಲಿ.

ಅಪ್ಪ ಜನರ ಕಡೆಗೆ ತಿರುಗಿ ಹೇಳಿದರು: “ಸಾಹೇಬ್ರು ಮೇಲಕ್ಕ ಬರೀತಾರಂತ. ಒಂದು ವಾರದಲ್ಲಿ ಆನಯ ಹಿಡುಸ್ತಾರಂತ.”

‘ವಾರ’ ಎಂಬ ಮಾತು ಎರಡು ಭಾಷೆಗಳಲ್ಲಿಯೂ ಹೆಚ್ಚುಕಡಿಮೆ ಒಂದೇ. ತಾವು ಹೇಳಿದ ವಾರವೇ ಅದೆಂದು ತಿಳಿದು ರೇಂಜರು ತಲೆಯಾಡಿಸಿದರು. ಅವರು ತಲೆಯಾಡಿಸಿದ್ದನ್ನು ಜನ ಕಂಡರು.

ದೊಡ್ಡಪ್ಪನಿಗೆ ಮಾತ್ರ ಅನುಮಾನ. ಮೈತುಂಬ ಮುಳ್ಳು ಗೀರಿದ ಗಾಯಗಳಿದ್ದವು. ಗುಂಪಿನಲ್ಲಿ ಎರಡೂ ಭಾಷೆಗಳನ್ನು ಓದಬಲ್ಲವನು ನಾನೆಂದು ಅವರಿಗೆ ಗೊತ್ತಿತ್ತು. ನನ್ನ ಹೆಗಲ ಮೇಲೆ ಕೈಯಿಟ್ಟು, “ಹೌದೇನ್ಲ ಮಗ, ಹಂಗ ಅಂದ್ರ?” ಎಂದು ಕೇಳಿದರು.

ನಾನು ಅಪ್ಪನ ಮುಖ ನೋಡಿದೆ. “ಹೂಂ ದೊಡ್ಡಪ್ಪ” ಎಂದೆ.

ಜನ ದಾರಿ ಬಿಟ್ಟರು. ಜೀಪು ಹೋಯಿತು.

ವಾಚರು ವಾರವೆಲ್ಲ ಕಾದರು, ಅಪ್ಪನೂ ಅವರಲ್ಲೊಬ್ಬರು. ಒಂಬತ್ತನೆಯ ದಿನ ದೊಡ್ಡಪ್ಪ ಹತ್ತು ಜನರನ್ನು ಕರೆದುಕೊಂಡು ಹೋಗಿ ರೇಂಜರನ್ನು ಕಂಡರು. ಜೊತೆಯಲ್ಲಿ ತಮಿಳನ್ನು ತಮಿಳರಂತೆಯೇ ಆಡಬಲ್ಲ ಅಂಗಡಿಯವರೊಬ್ಬರಿದ್ದರು. ಎರಡು ನಿಮಿಷದಲ್ಲಿ ಎಲ್ಲವೂ ಬಯಲಾಯಿತು. ಆ ಸಂಜೆ ದೊಡ್ಡಪ್ಪ ನಮ್ಮ ಮನೆಯ ಮುಂದಿನಿಂದ ಹಾದುಹೋದರೂ ಜಗಲಿಯತ್ತ ನೋಡಲಿಲ್ಲ. ಊರಿನಲ್ಲಿ ಅಪ್ಪನಿಗೆ ಸುಳ್ಳುಗಾರನೆಂಬ ಹೆಸರು ನಿಂತಿತು. ನನ್ನ ಹೆಸರನ್ನು ಯಾರೂ ಎತ್ತಲಿಲ್ಲ. ಹುಡುಗನೆಂದು ಬಿಟ್ಟರೋ, ಅಪ್ಪನ ಮಾತನ್ನು ಮಗ ಮೀರುವುದುಂಟೇ ಎಂದುಕೊಂಡರೋ ತಿಳಿಯದು.

ರೇಂಜರು ಮರುದಿನ ನಮ್ಮ ಮನೆಗೆ ಬಂದರು. ಅಪ್ಪನನ್ನು ಕೆಲಸದಿಂದ ತೆಗೆದುಹಾಕಲು ಅವರಿಗೆ ಒಂದು ಸಾಲಿನ ಬರಹವೂ ಬೇಕಿರಲಿಲ್ಲ. ಏಕೆ ಹಾಗೆ ಹೇಳಿದಿರಿ ಎಂದಷ್ಟೇ ಕೇಳಿದರು. “ಕಲ್ಲು ಬೀಳುವುದರಲ್ಲಿತ್ತು ಸಾರ್” ಎಂದರು ಅಪ್ಪ. ಅದು ನಿಜ. ಕೈಯಲ್ಲಿ ಕಲ್ಲು ಹಿಡಿದವರನ್ನು ನಾನೂ ಕಂಡಿದ್ದೆ. ರೇಂಜರು ಬಹಳ ಹೊತ್ತು ಸುಮ್ಮನಿದ್ದು, ಜೇಬಿನಿಂದ ಪುಟ್ಟ ಪುಸ್ತಕ ತೆಗೆದು ನನ್ನ ಕಡೆಗೆ ತಿರುಗಿ, ಆ ರಾತ್ರಿ ತಾವು ಹೇಳಿದ್ದನ್ನು ಕನ್ನಡದಲ್ಲಿ ಹೇಗೆ ಹೇಳಬೇಕೆಂದು ಕೇಳಿದರು. ಆರು ವಾಕ್ಯಗಳಾದವು. ಅವರು ಅವನ್ನು ತಮಿಳು ಲಿಪಿಯಲ್ಲಿ ಬರೆದುಕೊಂಡರು. ಆ ಲಿಪಿಯಲ್ಲಿ ಮಹಾಪ್ರಾಣವಿಲ್ಲ. ಕ, ಗ, ಹ ಮೂರಕ್ಕೂ ಒಂದೇ ಅಕ್ಷರ. ಭಾನುವಾರ ಅರಳಿಕಟ್ಟೆಯ ಬಳಿ ಜನರನ್ನು ಸೇರಿಸಿ ಅವರು ಅದನ್ನು ಓದಿದಾಗ ಅಧಿಕಾರ ‘ಅದಿಗಾರ’ವಾಯಿತು, ಪರಿಹಾರ ‘ಪರಿಗಾರ’ವಾಯಿತು. ಕೆಲವರು ನಕ್ಕರು. ಆರನೆಯ ವಾಕ್ಯವನ್ನು ನಾನು ಹೇಳಿಕೊಟ್ಟಿರಲಿಲ್ಲ, ಅವರೇ ಬೇರೆ ಯಾರಿಂದಲೋ ಕೇಳಿ ಬದಲಿಸಿಕೊಂಡಿದ್ದರು: ‘ವಾಚರ ತಪ್ಪಲ್ಲ, ನಿಮ್ಮ ಮಾತು ಕಲಿಯದೆ ಬಂದದ್ದು ನನ್ನ ತಪ್ಪು.’

ದೊಡ್ಡಪ್ಪ ನಗಲಿಲ್ಲ. “ಆನ ಹಿಡಿಯೋ ಅಧಿಕಾರ ಇಲ್ದಿದ್ರ ಇಲ್ಲಿ ಯಾತಕ್ಕ ಬಂದಿದ್ದೀರಿ ಸ್ವಾಮಿ?” ಎಂದರು. ಆ ಪ್ರಶ್ನೆಗೆ ರೇಂಜರ ಪುಸ್ತಕದಲ್ಲಿ ಉತ್ತರವಿರಲಿಲ್ಲ. ಉತ್ತರವಿದ್ದವರು ಯಾರಾದರೂ ಇದ್ದರೇ ಎಂದು ನನಗೆ ಇಂದಿಗೂ ತಿಳಿಯದು. ಅವರು, ಕಂದಕವನ್ನು ಆನೆ ಎಲ್ಲಿ ದಾಟುತ್ತದೆಂದು ತೋರಿಸುವಿರಾ ಎಂದು ಕೇಳಿದರು. ಇಬ್ಬರೂ ಹೊರಟರು. ದೊಡ್ಡಪ್ಪ ಮೂರು ಜಾಗ ತೋರಿಸಿದರು. ಎರಡು ಕಡೆ ಆನೆ ಕಾಲಿನಿಂದ ದಡದ ಮಣ್ಣನ್ನು ಕೆಡವಿ ಕಂದಕವನ್ನೇ ಇಳಿಜಾರು ಮಾಡಿಕೊಂಡಿತ್ತು. ಅವನ್ನು ಮತ್ತೆ ತೋಡಿಸಿದರು. ಮೂರನೆಯದು ಬಂಡೆ. ಅಲ್ಲಿ ಕಂದಕ ತೋಡಲು ಬರುವುದಿಲ್ಲ. ಅದು ಈಗಲೂ ಹಾಗೆಯೇ ಇದೆ.

ಈ ರೇಂಜರನ್ನು ನೆನೆದಾಗಲೆಲ್ಲ ನನಗೆ ಇನ್ನೊಬ್ಬ ಅಧಿಕಾರಿಯ ನೆನಪಾಗುತ್ತದೆ. ನಾನು ಹುಟ್ಟುವ ಮೊದಲೇ ಅವರು ತೀರಿಕೊಂಡಿದ್ದರು. ಪಿ. ಶ್ರೀನಿವಾಸ್, ಕರ್ನಾಟಕದ ಅರಣ್ಯ ಇಲಾಖೆಯವರು. ಹುಟ್ಟಿದ್ದು ಆಂಧ್ರದ ರಾಜಮಹೇಂದ್ರಿಯಲ್ಲಿ. ವೀರಪ್ಪನ ಹುಟ್ಟೂರಾದ ಗೋಪಿನಾಥಂ ನಮ್ಮ ಊರಿನ ಕನ್ನಡಿ ಬಿಂಬದಂತಿದೆ: ನಾವು ತಮಿಳುನಾಡಿನೊಳಗಿನ ಕನ್ನಡದವರು, ಅವರು ಕರ್ನಾಟಕದೊಳಗಿನ ತಮಿಳರು. ತೆಲುಗು ನಾಡಿನ ಮನುಷ್ಯ, ಕನ್ನಡ ರಾಜ್ಯದ ಅಧಿಕಾರಿಯಾಗಿ, ತಮಿಳು ಹಳ್ಳಿಗೆ ಹೋದರು. ಊರಿನವರೆಲ್ಲ ಕಳ್ಳನ ಕಡೆಯವರೆಂದು ಬೀಗುವುದು ಸುಲಭವಾಗಿತ್ತು. ಅವರು ಅಲ್ಲಿ ಚಿಕಿತ್ಸೆಯ ಏರ್ಪಾಡು ಮಾಡಿದರು, ಮನೆಗಳಿಗಾಗಿ ಓಡಾಡಿದರು, ಮಾರಿಯಮ್ಮನ ಗುಡಿ ಕಟ್ಟಿಸಿದರು. 1991ರ ನವೆಂಬರ್‌ನಲ್ಲಿ, ಶರಣಾಗುತ್ತೇನೆಂಬ ವೀರಪ್ಪನ ಮಾತನ್ನು ನಂಬಿ ಕಾಡಿಗೆ ನಡೆದರು, ಅಲ್ಲಿ ಕೊಲೆಯಾದರು. ಮರಣಾನಂತರ ಕೀರ್ತಿ ಚಕ್ರ ಬಂತು. ಅವರು ಮಾತನ್ನು ನಂಬಿದ್ದು ಅವಿವೇಕವೆಂದು ಹೇಳುವವರಿದ್ದಾರೆ. ಇರಬಹುದು. ಆದರೆ ಅವರ ಬಳಿಕ ಕಾಡಿಗೆ ಬಂದದ್ದು ಮಾತಲ್ಲ, ಎರಡೂ ರಾಜ್ಯಗಳ ವಿಶೇಷ ಕಾರ್ಯಪಡೆ. 2004ರ ಅಕ್ಟೋಬರ್ 18ರಂದು ವೀರಪ್ಪನ್ ಸಾಯುವ ಹೊತ್ತಿಗೆ ಕಾಡಂಚಿನ ಜನ ಅನುಭವಿಸಿದ ಚಿತ್ರಹಿಂಸೆಯ ದೂರುಗಳು ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ಸಮಿತಿಯ ಮುಂದೆ ದಾಖಲಾಗಿದ್ದವು. ಅದೇ 2004ರಲ್ಲಿ ಬಂದ ಬಾಲಮುರುಗನ್ ಅವರ ‘ಸೋಳಗರ್ ತೊಟ್ಟಿ’ ಎಂಬ ತಮಿಳು ಕಾದಂಬರಿ ನಮ್ಮ ಗುಡ್ಡಗಳ ಸೋಲಿಗರ ಆ ದಿನಗಳನ್ನು ಕುರಿತದ್ದು. ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ಅದನ್ನು ಓದಬೇಕೆಂಬುದು ನನ್ನ ಆಸೆ. ಕನ್ನಡವಾಡುವ ಜನರ ನೋವನ್ನು ತಮಿಳಿನ ಲೇಖಕರೊಬ್ಬರು ಮೊದಲು ಬರೆದರೆಂಬುದು ನನಗೆ ಸಂತೋಷವನ್ನೂ ಸ್ವಲ್ಪ ನಾಚಿಕೆಯನ್ನೂ ತರುತ್ತದೆ.

ನಮ್ಮ ರೇಂಜರು ಎರಡು ವರ್ಷಕ್ಕೆ ವರ್ಗವಾಗಿ ಹೋದರು. ಅಷ್ಟರಲ್ಲಿ ಅವರ ಕನ್ನಡ ಸುಧಾರಿಸಿತ್ತು, ‘ಹ’ ಮಾತ್ರ ಕೊನೆಯವರೆಗೂ ಕೈಕೊಡುತ್ತಿತ್ತು. ಆಮೇಲೆ ಬಂದವರಲ್ಲಿ ಕಲಿತವರೂ ಇದ್ದರು, ಕಲಿಯದವರೂ ಇದ್ದರು. ಸಮಸ್ಯೆಗಳು ಬೆಳೆದವು. ಮದ್ರಾಸ್ ಹೈಕೋರ್ಟಿನ ಆದೇಶದಂತೆ 2022ರ ಫೆಬ್ರವರಿಯಲ್ಲಿ ದಿಂಬಂ ಘಟ್ಟದಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಂದಾಗ ತರಕಾರಿ ಬೆಳೆಯುವವರು ಬೀದಿಗಿಳಿದರು. ರಾತ್ರಿ ಲಾರಿಗಳಿಗೆ ಸಿಕ್ಕಿ ಸಾಯುವ ಪ್ರಾಣಿಗಳನ್ನು ಎಣಿಸುತ್ತಿದ್ದ ಅಪ್ಪನಿಗೆ ಆದೇಶ ಸರಿಯೆನಿಸಿತು. ಕೋಸು ಬೆಳೆದಿದ್ದ ದೊಡ್ಡಪ್ಪನಿಗೆ ಅನ್ಯಾಯವೆನಿಸಿತು. ಇಬ್ಬರ ಮಾತಿನಲ್ಲಿಯೂ ಹುರುಳಿತ್ತು. ಕರುಪ್ಪನ್ ಎಂದು ಹೆಸರಾದ ಸಲಗವನ್ನು 2023ರ ಏಪ್ರಿಲ್‌ನಲ್ಲಿ, ಹಲವು ಪ್ರಯತ್ನಗಳ ಬಳಿಕ, ಕುಮ್ಕಿ ಆನೆಗಳ ನೆರವಿನಿಂದ ಹಿಡಿದು ಬರಗೂರು ಕಾಡಿಗೆ ಸಾಗಿಸಿದ್ದನ್ನು ನೀವು ಪತ್ರಿಕೆಗಳಲ್ಲಿ ಓದಿರಬಹುದು. ಅಪ್ಪಣೆ ಬಂದರೂ ಆನೆ ಹಿಡಿಯುವುದು ಒಂದು ವಾರದ ಕೆಲಸವಲ್ಲವೆಂದು ಆಗ ಊರಿಗೆಲ್ಲ ತಿಳಿಯಿತು. ಅದು ಅಪ್ಪನ ಹೆಸರನ್ನು ತೊಳೆಯಿತೆಂದು ಹೇಳಲಾರೆ.

ಅಣ್ಣತಮ್ಮಂದಿರು ಮಾತನಾಡತೊಡಗಿದ್ದು ಅಜ್ಜಿ ಸತ್ತಾಗ, ನಾಲ್ಕು ವರ್ಷಗಳ ಮೇಲೆ. ಮಾತನಾಡಿದ್ದು ಸೌದೆಯ ವಿಷಯ.

ಕಳೆದ ಸುಗ್ಗಿಯಲ್ಲಿ ಊರಿಗೆ ಹೋಗಿದ್ದೆ. ಬಂಡೆಯ ಕಡೆಯಿಂದ ಆನೆ ಬಂದು ದೊಡ್ಡಪ್ಪನ ರಾಗಿಯನ್ನು ಮೇದು ಹೋಗಿತ್ತು. ಅಪ್ಪ ಈಗ ಕೆಲಸದಲ್ಲಿಲ್ಲ. ಆದರೂ ದೊಡ್ಡಪ್ಪ ನಮ್ಮ ಜಗಲಿಗೆ ಬಂದು ಕುಳಿತು, “ನಿಮ್ಮ ಆನ ಬಂದಿತ್ತು ಕನ್ಲ” ಎಂದು ನನಗೆ ಹೇಳಿದರು. ಅರ್ಜಿಯ ನಮೂನೆಯನ್ನು ಜೊತೆಗೆ ತಂದಿದ್ದರು. ತಮಿಳಿನಲ್ಲಿ ತುಂಬಿದೆ. ತುಂಬಿದ ಮೇಲೆ ಪ್ರತಿ ಸಾಲನ್ನೂ ಕನ್ನಡದಲ್ಲಿ ಓದಿ ಹೇಳಿದೆ: ಎಷ್ಟು ಕುಂಟೆ, ಯಾವ ಬೆಳೆ, ಯಾವ ರಾತ್ರಿ, ಕೆಳಗೆ ಸಣ್ಣ ಅಕ್ಷರದಲ್ಲಿದ್ದ, ಮೊತ್ತವನ್ನು ಅಧಿಕಾರಿಗಳೇ ನಿರ್ಧರಿಸುವರೆಂಬ ಸಾಲನ್ನೂ ಬಿಡಲಿಲ್ಲ.

“ಅಷ್ಟೇಯ ಬರ್ದಿರದು?” ಎಂದರು ದೊಡ್ಡಪ್ಪ.

“ಅಷ್ಟೇ ದೊಡ್ಡಪ್ಪ. ಇನ್ನೊಂದ್ಸಲ ಓದ್ಲಾ?”

ಅವರು ನನ್ನನ್ನು ಸ್ವಲ್ಪ ಹೊತ್ತು ನೋಡಿದರು. “ಓದು” ಎಂದರು.